ಕೆಂಪು ಎಳೆಯ ಕುಂಬಳಕಾಯಿ

ಬನಹಟ್ಟಿಯ ಅನಸವ್ವನಿಗೆ ಸೀಗಿ ಹುಣ್ಣಿಮೆಯ ಬೆಳಿಗ್ಗೆ ತಲೆ ಗಿರ್ರೆನ್ನುತ್ತಿತ್ತು. ಪಡಸಾಲೆಯಲ್ಲಿ ನಾಲ್ಕು ಕುಂಬಳಕಾಯಿ ಕೂತಿದ್ದವು, ನಾಲ್ಕೂ ಒಂದೇ ಮುಖದವು. ಬೀಜಕ್ಕೆ ಇಡಬೇಕಾದದ್ದು ಯಾವುದೆಂದು ಬೆಳೆದವಳಿಗೇ ತಿಳಿಯದಾಗಿತ್ತು.

ಮದುವೆಯ ವರ್ಷ ಹಿಪ್ಪರಗಿಯ ತವರಿನಿಂದ ತಂದ ತಳಿ ಅದು, ಅವ್ವನ ಕೈಯದು. ತವರಿನ ಹೊಲವೆಲ್ಲ ಈಗ ಕಬ್ಬು. ಉಳಿದದ್ದು ಇವಳ ಹಿತ್ತಲಲ್ಲಿ ಮಾತ್ರ. ಚೆಂಡುಹೂವಿನ ಬೀಜ ಕೇಳಿದವರಿಗೆ ಹಿಡಿಗಟ್ಟಲೆ ಕೊಡುವ ಅನಸವ್ವ, ಕುಂಬಳದ ಒಂದು ಬೀಜವನ್ನೂ ನಲವತ್ತು ವರ್ಷ ಯಾರ ಕೈಗೂ ಹಾಕಿರಲಿಲ್ಲ. ಜಿಪುಣಿ ಅಂದವರು ಅನ್ನಲಿ.

ಸುತ್ತಲೂ ಅಂಗಡಿ ಬೀಜದ ಬಳ್ಳಿಗಳು. ಜೇನ್ನೊಣಕ್ಕೆ ಗೋಡೆಯ ಹಂಗೇನು? ಬೆರಕೆಯಾದರೆ ಕಾಯಿ ನೋಡಿದರೂ ತಿಳಿಯದು, ಮುಂದಿನ ವರ್ಷದ ಬಳ್ಳಿಯಲ್ಲೇ ಬಯಲಾಗುವುದು. ಅದಕ್ಕೇ ಅವಳು ಅರಳುವ ಹಿಂದಿನ ಸಂಜೆ ಹೆಣ್ಣು ಹೂ, ಗಂಡು ಹೂ ಎರಡರ ಬಾಯನ್ನೂ ದಾರದಿಂದ ಕಟ್ಟುವಳು. ಬೆಳಿಗ್ಗೆ ಬಿಚ್ಚಿ, ಒಂದಕ್ಕೊಂದು ಸವರಿ, ಹೆಣ್ಣು ಹೂವನ್ನು ಮತ್ತೆ ಕಟ್ಟುವಳು. ಕಾಯಿ ಕಚ್ಚಿದರೆ ತೊಟ್ಟಿಗೆ ಮಗ್ಗದ ಕೆಂಪು ಎಳೆ. ಅದೇ ಬೀಜದ ಕಾಯಿ.

ಈ ವರ್ಷ ಆ ಎಳೆಯೇ ಮಾಯ. ಅಳಿಲೋ, ಆಡೋ, ಗಾಳಿಯೋ? ಕಡೆಗೆ ತಾನು ಕಟ್ಟಿದ್ದೇ ಸುಳ್ಳೇನೋ ಎಂಬಲ್ಲಿಗೆ ಬಂದಿದ್ದಳು.

ಹಬ್ಬದ ಅಡುಗೆಗೆ ಒಂದನ್ನು ಒಡೆಯಲೇಬೇಕು. ಆ ಮನೆಯಲ್ಲಿ ಕುಂಬಳಕ್ಕೆ ಮೊದಲ ಪೆಟ್ಟು ಗಂಡಸರದು. ಗಂಡ ಗೂಳಪ್ಪ ಕುಡುಗೋಲು ಹಿಡಿದು ಬಂದ.

“ಯಾವ್ದು ಒಡೀಲಿ?”

“ನನಗೇನ ಗೊತ್ತರಿ! ಕೆಂಪ ಎಳಿ ಕಟ್ಟಿದ್ನಿ, ಯಾರ ಹಾಳ ಕೈ ಬಿಚ್ಚಿತೋ ಏನೋ.”

ಗೂಳಪ್ಪನ ಮುಖ ಸಪ್ಪಗಾಯಿತು. “ಅದನ್ನ ನಾನಽ ಕತ್ತರಿಸಿದ್ನೆಲ್ಲ. ತುದಿ ಜೋತಾಡಾಕತ್ತಿತ್ತು.”

ಐವತ್ತು ವರ್ಷ ಸೀರೆ ನೇಯ್ದ ಕೈ. ಬಿಡಿ ಎಳೆ ಕಂಡರೆ ಕತ್ತರಿಸದೆ ಮುಂದೆ ಹೋಗದು. ಅನಸವ್ವನಿಗೆ ಸಿಟ್ಟು, ನಗು, ಅಳು ಒಟ್ಟಿಗೇ ಬಂದವು.

“ಯಾವ ಕಾಯಿದರಿ?”

“ನೆನಪಿಲ್ಲ. ತಡಿ, ಗಂಟ ಬಿಗಿ ಇತ್ತು. ಗುರುತ ಬಿದ್ದಿರಬೇಕು.”

ಕಣ್ಣು ಮುಚ್ಚಿ, ಬಟ್ಟೆಯ ತಪ್ಪು ಹುಡುಕುವಂತೆ ನಾಲ್ಕೂ ತೊಟ್ಟು ಸವರಿದ. ಎಲ್ಲೂ ಗೆರೆಯಿಲ್ಲ.

ಇನ್ನೊಂದಿತ್ತು, ಐದನೆಯದು. ಸೊಟ್ಟಗಿದೆ, ಎಳೆ ಕಟ್ಟಿದ ಕಾಯಿ ಇದಾಗಿರಲಾರದೆಂದು ನಿನ್ನೆಯಷ್ಟೇ ಪಕ್ಕದ ಮನೆಯ ಶಿವವ್ವನಿಗೆ ಇಡಿಯಾಗಿ ಕೊಟ್ಟಿದ್ದಳು.

ಅನಸವ್ವ ಓಡಿದಳು. ಶಿವವ್ವನ ಒಲೆಯ ಮೇಲೆ ಆಗಲೇ ಪಲ್ಯ ಬೇಯುತ್ತಿತ್ತು. ಮೂಲೆಯಲ್ಲಿ ಬಿದ್ದ ತೊಟ್ಟಿನ ಸುತ್ತ ಉಗುರು ಇಳಿಯುವಷ್ಟು ಗೆರೆ.

“ಬೀಜ ಎಲ್ಲಿ ಒಗದಿ ಶಿವವ್ವಾ?”

“ಒಗೀಲಿ ಯಾಕ? ಎಷ್ಟ ವರ್ಷ ಕೇಳೇನಿ ನಿನಗ! ಈ ಸಲ ಕಾಯಿನಽ ಕೊಟ್ಟಿ. ಬಾಳ ಖುಷಿ ಆತು. ತೊಳದು ಮೊರದಾಗ ಹರವೇನಿ, ನೋಡು.”

ಅನಸವ್ವ ಬಾಗಿಲಲ್ಲೇ ನಿಂತಳು. ಅವು ನನ್ನವು ಎನ್ನಬೇಕೋ, ಬಾರದೋ? ನಲವತ್ತು ವರ್ಷ ಇಲ್ಲವೆಂದ ಬಾಯಿಗೆ ನಾಚಿಕೆಯಾಯಿತು.

“ನನಗೂ ನಾಕ ಕೊಡ್ತಿ?”

“ಸೆರಗ ಹಿಡಿ,” ಎಂದು ಶಿವವ್ವ ಎರಡು ಬೊಗಸೆ ಸುರಿದಳು. ಅನಸವ್ವ ಸೆರಗನ್ನೇ ನೋಡುತ್ತ ನಿಂತು, ಒಂದು ಬೊಗಸೆ ತೆಗೆದು ಮೊರಕ್ಕೆ ಮರಳಿ ಹಾಕಿದಳು.

“ಇವು ನಿನ್ನ ಹಿತ್ತಲದಾಗಽ ಬೆಳೀಲಿ. ಹೂ ಕಟ್ಟೂದು ನಾನ ಬಂದು ತೋರಸ್ತೇನಿ. ಇಲ್ಲಿ ಎಳಿ ಕತ್ತರಸಾಕ ನಮ್ಮವರು ಬರಂಗಿಲ್ಲ.”