ಹೆಸರಿಲ್ಲದ ಕಲ್ಲಿಗೆ ಶಾಂತಿ

ನಾನು ಓದಿದ್ದು ಮೂರನೇ ಕ್ಲಾಸು. ಅಕ್ಕಿಯಲ್ಲಿ ಕಲ್ಲು ಹೆಕ್ಕಲು ಅಷ್ಟು ಸಾಕು. ನಿಟ್ಟೆಯ ಕಾಲೇಜಿನಲ್ಲಿ ಅಷ್ಟು ವರ್ಷ ಓದಿದ ಮೊಮ್ಮಗಳು ಆಕಾಶದಲ್ಲಿ ಕಲ್ಲು ಹೆಕ್ಕುತ್ತಾಳೆ. ಎಲ್ಲಿಯೋ ಇರುವ ದೊಡ್ಡ ದುರ್ಬೀನು ತೆಗೆದ ನಾಲ್ಕು ಫೋಟೋಗಳನ್ನು ಕಂಪ್ಯೂಟರಿನಲ್ಲಿ ಒಂದರ ಹಿಂದೆ ಒಂದು ಓಡಿಸುವುದು. ನಕ್ಷತ್ರ ಕದಲುವುದಿಲ್ಲ, ಕಲ್ಲು ಕದಲುತ್ತದೆ. ಹಾಗೆ ಅವಳು ಒಂದನ್ನು ಹಿಡಿದಳು. ಅದನ್ನು ಮೊದಲು ಯಾರೂ ಕಂಡಿರಲಿಲ್ಲವಂತೆ. ಮಂಗಳನಿಗೂ ಗುರುವಿಗೂ ನಡುವೆ ಅಂಥವು ಲಕ್ಷಗಟ್ಟಲೆ ಉಂಟಂತೆ. ಇದು ನಮ್ಮ ಅಲೆವೂರಿನಷ್ಟೂ ದೊಡ್ಡದಲ್ಲ. ಬಣ್ಣ ಕರಿ. ಸೂರ್ಯನಿಗೆ ಒಂದು ಸುತ್ತು ಬರಲು ನಾಲ್ಕು ವರ್ಷಕ್ಕಿಂತ ಹೆಚ್ಚು ಬೇಕು, ಅಷ್ಟು ಸೋಮಾರಿ. ಇಷ್ಟಕ್ಕೆ ನನ್ನ ಮಗ ಊರಿಡೀ ಪೇಡಾ ಹಂಚಿದ. ಪೇಪರಿನಲ್ಲಿ ಫೋಟೋ ಬಂತು.

ಅದನ್ನು ಇನ್ನಂಜೆ ಊರಿನ ಸಂಬಂಧದವರು ಓದಿದರು. ಅವರ ಮಗನಿಗೂ ಇವಳಿಗೂ ಮಾತುಕತೆಯಾಗಿ ನಿಶ್ಚಯಕ್ಕೆ ದಿನ ಇಟ್ಟಾಗಿತ್ತು. ಹುಡುಗನ ತಾಯಿ ಜೋಯಿಸರನ್ನೂ ಕಾರಿನಲ್ಲಿ ಕೂರಿಸಿಕೊಂಡು ಬಂದರು.

"ಹುಡುಗಿಗೆ ಮೊದಲೇ ಸ್ವಲ್ಪ ಕುಜದೋಷ ಉಂಟು. ಈಗ ಕುಜನ ಆಚೆ ಹೋಗಿ ಕಲ್ಲು ಬೇರೆ ಎಬ್ಬಿಸಿದ್ದಾಳೆ. ಒಂದು ಶಾಂತಿ ಮಾಡಿಸುವ," ಎಂದರು ಆ ತಾಯಿ.

ನನ್ನ ಮಗ ಕೂಡಲೇ ಹೂಂ ಎಂದ. ಎದುರು ಮಾತಾಡಿ ಅವನಿಗೆ ಅಭ್ಯಾಸವಿಲ್ಲ. ಅವನ ಅಪ್ಪನಿಗೂ ಇರಲಿಲ್ಲ.

ಜೋಯಿಸರು ಪುಸ್ತಕ ಬಿಡಿಸಿದರು. "ಸಂಕಲ್ಪಕ್ಕೆ ಹೆಸರು ಬೇಕು. ಕಲ್ಲಿನ ಹೆಸರೆಂತ?"

"ಹೆಸರಿಲ್ಲ," ಎಂದಳು ಮೊಮ್ಮಗಳು. "ಇಸವಿ, ಎರಡು ಅಕ್ಷರ, ಒಂದು ನಂಬರು, ಅಷ್ಟೇ ಇರುವುದು. ಪುನಃ ಪುನಃ ಕಂಡು ಅದರ ದಾರಿ ಗಟ್ಟಿಯಾದ ಮೇಲೆ ಹೆಸರು. ಹತ್ತು ವರ್ಷವೂ ಆದೀತು."

ಜೋಯಿಸರು ಪುಸ್ತಕ ಮಡಚಿದರು. ನನಗೆ ನಗು ತಡೆಯಲಾಗಲಿಲ್ಲ.

"ಕಾರಿನ ನಂಬರಿಗೆ ಕುಂಕುಮ ಹಚ್ಚುತ್ತೀರಲ್ಲ ಜೋಯಿಸರೇ, ಇದಕ್ಕೂ ಹಚ್ಚಿ ಮಾರಾಯ್ರೆ!"

ಹುಡುಗನ ತಾಯಿ ನಗಲಿಲ್ಲ. ಮೊಮ್ಮಗಳ ಕೈ ಹಿಡಿದು, "ಹಾಗಾದರೆ ಒಂದು ಕೆಲಸ ಮಾಡು ಮಗಾ. ಅದನ್ನು ಕಂಡದ್ದು ನಾನಲ್ಲ ಅಂತ ಬರೆದು ಕಳಿಸು. ನಿಶ್ಚಯ ಹೇಳಿದ ದಿನಕ್ಕೇ ಆಗಲಿ. ಒಂದು ಕಲ್ಲಿಗೋಸ್ಕರ ಎಂತಕ್ಕೆ ಹಠ?" ಎಂದರು.

ಮಗ ಅವಳ ಮುಖವನ್ನೇ ನೋಡುತ್ತಿದ್ದ, ಬರೆ ಎನ್ನುವ ಹಾಗೆ. ಅವಳಿಗೆ ಆ ಹುಡುಗ ಇಷ್ಟವಿದ್ದ. ಅದು ನನಗೆ ಗೊತ್ತಿತ್ತು.

ಅವಳು ಮೆಲ್ಲನೆ ಕೈ ಬಿಡಿಸಿಕೊಂಡಳು. "ಕಂಡದ್ದು ನಾನೇ ಅಲ್ವಾ ಮಾಮಿ."

ಅವರು ಎದ್ದು ಹೋದರು. ಹುಡುಗನ ಫೋನೂ ಬರಲಿಲ್ಲ. ಅವನೂ ನನ್ನ ಮಗನ ಜಾತಿಯವನೇ ಇರಬೇಕು.

ಸಂಜೆ ಆ ಕಲ್ಲನ್ನು ನನಗೂ ತೋರಿಸು ಎಂದು ಅವಳಿಗೆ ಹೇಳಿದೆ. ಸಾಸಿವೆಯಷ್ಟೂ ಇಲ್ಲ, ಒಂದು ಮಸುಕು ಚುಕ್ಕೆ. ಇಷ್ಟಕ್ಕೆ ಹೆದರಿ ತಟ್ಟೆಯ ಶೀರಾ ಬಿಟ್ಟು ಓಡಿದರಲ್ಲ! ಶೀರಾವನ್ನು ನಾವಿಬ್ಬರೂ ತಿಂದೆವು. ಅವಳು ಒಂದು ಕೈಯಲ್ಲಿ ತಿನ್ನುತ್ತಾ, ಇನ್ನೊಂದು ಕೈಯಲ್ಲಿ ಮುಂದಿನ ನಾಲ್ಕು ಫೋಟೋ ತೆರೆದಳು.