ದೃಷ್ಟಿಬೊಂಬೆಯಾದ ಗ್ರೀಕ್ ಹೆಂಗಸು

ಶನಿವಾರಸಂತೆಯಿಂದ ಸ್ವಲ್ಪ ಆಚೆ, ರಸ್ತೆ ಬದಿಯಲ್ಲೇ ಅಕ್ಕ ಮನೆ ಕಟ್ಟಿಸುತ್ತಿದ್ದಳು. ಗೋಡೆ ಎದ್ದಾಗ ಅವಳ ಓರಗಿತ್ತಿ, ಎಂದರೆ ಭಾವನ ಅಣ್ಣನ ಹೆಂಡತಿ, ಬಂದು "ಎಷ್ಟು ನೆಟ್ಟಗೆ ಬಂದೈತೆ" ಎಂದು ಹೊಗಳಿ ಹೋದರಂತೆ. ಮರುದಿನವೇ ಗೋಡೆ ಬಿರುಕು ಬಿಟ್ಟಿತಂತೆ. ಮರುದಿನವೋ ಮರುವಾರವೋ ನನಗೆ ಖಾತ್ರಿಯಿಲ್ಲ. ಅಕ್ಕ ಹೇಳಿದಾಗಲೆಲ್ಲ ನಡುವಿನ ಅವಧಿ ಕಡಿಮೆಯಾಗುತ್ತ ಬಂದಿದೆ.

ಈಗ ತಾರಸಿಗೆ ಕಾಂಕ್ರೀಟ್ ಹಾಕುವ ಮುಂಚಿನ ಶನಿವಾರ ಅದೇ ಓರಗಿತ್ತಿ ಸಂತೆಗೆ ಬರುವವರಿದ್ದರು. ಅಷ್ಟರೊಳಗೆ ದೃಷ್ಟಿಬೊಂಬೆ ಕಟ್ಟಲೇಬೇಕು.

"ಅಂಗಡೀದು ಅವರ ಕಣ್ಣಿಗೆ ಸಾಲಲ್ಲ ಕಣೇ. ಮೈಸೂರಲ್ಲಿ ಚಿತ್ರಗಳ ಚರಿತ್ರೆ ಓದಿ ಬಂದಿದೀಯಲ್ಲ, ನೀನೇ ಒಂದು ಮುಖ ಬರಿ" ಎಂದಳು.

ನನಗೆ ನೆನಪಾದದ್ದು ಗ್ರೀಕ್ ಪುರಾಣದ ಹಾವುಗೂದಲಿನ ಹೆಂಗಸು. ಅವಳ ಕಣ್ಣಿಗೆ ಕಣ್ಣು ಕೊಟ್ಟವರು ಕಲ್ಲಾಗುತ್ತಿದ್ದರು. ಕೊನೆಗೊಬ್ಬ ವೀರ ಅವಳ ತಲೆ ಕಡಿದ. ಹಳೆಯ ಗ್ರೀಕರು ಆ ಮುಖವನ್ನು ಕೋರೆಹಲ್ಲು, ಇಳಿಬಿಟ್ಟ ನಾಲಿಗೆಯೊಂದಿಗೆ ಗುಡಿಗಳ ಮೇಲೆ ಕೂರಿಸುತ್ತಿದ್ದರು, ಕೆಟ್ಟದ್ದು ದೂರವಿರಲೆಂದು. ಆಮೇಲಿನ ಶಿಲ್ಪಿಗಳು ಅವಳನ್ನು ಚೆಲುವೆ ಮಾಡಿದರು. ಎಷ್ಟೋ ಶತಮಾನ ಕಳೆದು ಇಟಲಿಯ ಚಿತ್ರಕಾರರು ಕಡಿದ ತಲೆಯ ತೆರೆದ ಬಾಯಲ್ಲಿ ಅವಳದೇ ಭಯವನ್ನು ಬರೆದರು. ನಮ್ಮ ಕಾಲದ ಕಲಾವಿದೆಯರಿಗೆ ಅವಳು ಅನ್ಯಾಯಕ್ಕೊಳಗಾದ ಹೆಣ್ಣು. ನಾನೂ ಈ ಕಾಲದವಳೇ. ಪ್ಲೈವುಡ್ಡಿನ ಮೇಲೆ ಹಸಿರು ಹಾವುಗೂದಲಿನ, ತಲೆಯೆತ್ತಿದ, ನೊಂದ ಕಣ್ಣಿನವಳನ್ನು ಬರೆದೆ.

ಭಾವ ನೋಡಿದರು. "ಇದ್ಯಾರನ್ನ ಹೆದರಿಸ್ತದೆ? ಪಾಪ, ಒಳಗೆ ಕರೆದು ಕಾಫಿ ಕೊಡಣ ಅನ್ನಿಸ್ತದೆ."

ಇಟಲಿಯವರಂತೆ ಬಾಯಿ ತೆರೆಸಿದೆ. "ಹಲ್ಲುನೋವು ಬಂದಂಗೈತೆ" ಎಂದಳು ಅಕ್ಕ. ಕೋರೆಹಲ್ಲು ಹಾಕಿದೆ, ನಾಲಿಗೆ ಇಳಿಬಿಟ್ಟೆ. ಊಟದ ಹೊತ್ತಿಗೆ ನಾನು ಓದಿದ ಚರಿತ್ರೆಯೆಲ್ಲ ಹಿಂದಕ್ಕೆ ನಡೆದು ಹಳೆಯ ಗ್ರೀಕರ ಗುಡಿ ಸೇರಿತ್ತು.

ಆಗ ಮೇಸ್ತ್ರಿ ಬಂದ. "ಹಾವು ಬೇಡ ಅಕ್ಕ. ನಾಗನ್ನ ಪೂಜೆ ಇಲ್ದೆ ಬಿಸಿಲಿಗೆ ನೇತಾಕಿದ್ರೆ ಅದರ ಕೆಳಗೆ ನಾನು ಕೆಲಸ ಮಾಡಲ್ಲ."

ದೃಷ್ಟಿ ಹೋಗಿ ನಾಗದೋಷ ಬಂದರೇನು ಗತಿ ಎಂದು ಅಕ್ಕನಿಗೂ ಅನ್ನಿಸಿತು. ಹಸಿರು ಬಣ್ಣ ಆಗಲೇ ಒಣಗಿತ್ತು. ಹಾವುಗಳ ಮೈಗೆ ಎಲೆ ಮೂಡಿಸಿದೆ, ಹೆಡೆಗಳನ್ನು ಕಾಳಿನ ಗೊಂಚಲು ಮಾಡಿದೆ. ಸಂಜೆಗೆ ಅವಳ ತಲೆ ತುಂಬ ಕಾಳುಮೆಣಸಿನ ಬಳ್ಳಿ.

ಶನಿವಾರ ಓರಗಿತ್ತಿ ಬಂದರು. ಅಕ್ಕ ಸಿಮೆಂಟ್ ಮೂಟೆಗಳ ಪಕ್ಕ ನಿಂತಳು. ಅವರು ಗೋಡೆಗೆ ಕಟ್ಟಿದ್ದ ಬೊಂಬೆಯ ಮುಂದೆ ನಿಂತವರು ಕಲ್ಲೇ ಆದರೇನೋ ಎನ್ನುವಷ್ಟು ಹೊತ್ತು ಕದಲಲಿಲ್ಲ.

"ಇದ್ಯಾವ ತಳಿಯೇ? ಗೊಂಚಲು ಇಷ್ಟುದ್ದ ಬಿಟ್ಟೈತೆ."

"ಗ್ರೀಸ್ ದೇಶದ್ದು" ಎಂದೆ. ಬೇರೇನಾದರೂ ಹೇಳಿದ್ದೆನೋ ಏನೋ. ಈಗ ಇದೇ ನೆನಪಿದೆ.

"ಅಲ್ಲೂ ಬಳ್ಳೀನ ಸಿಲ್ವರ್ ಓಕ್ ಮರಕ್ಕೇ ಹಬ್ಬಿಸ್ತಾರಾ?"

ಆಮೇಲೆ ಅವರ ತೋಟದ ಬಳ್ಳಿಗೆ ಬಂದ ಸೊರಗು ರೋಗದ ಕಥೆ ಆಯಿತು. ಅದು ಮುಗಿದಾಗ ಚೀಲ ಎತ್ತಿಕೊಂಡು "ಬಸ್ಸಿಗೆ ಹೊತ್ತಾಯ್ತು" ಎಂದು ಹೊರಟೇಬಿಟ್ಟರು. ಮನೆಯತ್ತ ಒಮ್ಮೆಯೂ ಕಣ್ಣು ಹಾಯಿಸಲಿಲ್ಲ.

ಗೆದ್ದೆವು ಎಂದು ಅಕ್ಕನ ಕಡೆ ನೋಡಿದೆ. ಅವಳ ಮುಖ ಸಣ್ಣಗಾಗಿತ್ತು.

"ಅಲ್ಲ ಅಕ್ಕ, ಅಡುಗೆಮನೆ ನೋಡ್ದೇ ಹೋಗ್ತೀರಾ?" ಎನ್ನುತ್ತ ಅವರ ಹಿಂದೆಯೇ ಓಡಿದಳು. ತಾರಸಿಯೇ ಇಲ್ಲದ ಅಡುಗೆಮನೆಗೆ ಅವರನ್ನು ಕೈ ಹಿಡಿದು ಕರೆತರುವಾಗ ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದಳು:

"ಆ ಮುಖಾನ ಒಂದ್ಗಳಿಗೆ ಗೋಡೆ ಕಡೆ ತಿರುಗ್ಸೇ."