ರಾಣಿ ಒಂದು ಬಸ್ ಮುಂದೆ

ಧಾರವಾಡದಿಂದ ಬೆಳಿಗ್ಗೆ ಏಳಕ್ಕೆ ಹೊರಡಬೇಕಾಗಿದ್ದ ದೊಡವಾಡದ ಬಸ್ಸು ಎಂಟಕ್ಕೆ ಹೊರಟಿತು. ಆಧಾರ್ ಕಾರ್ಡ್ ತೋರಿಸಿದರೆ ಹೆಂಗಸರಿಗೆ ಟಿಕೆಟ್ ಪುಕ್ಕಟೆ. ಪುಕ್ಕಟೆ ಕೂತವಳ ಸಿಟ್ಟಿಗೆ ಬೆಲೆ ಇಲ್ಲ ಎಂದುಕೊಳ್ಳೋಣವೆಂದರೆ ಕೂರಲೂ ಜಾಗವಿರಲಿಲ್ಲ. ಕಿಟಕಿಯ ಸೀಟಿನಲ್ಲಿ ಯಾರದೋ ಹೂಕೋಸಿನ ಚೀಲ ಕೂತಿತ್ತು. ನಾನು ನಿಂತೇ ಹೋದೆ.

ಹೊರಟಿದ್ದು ಒಬ್ಬ ರಾಣಿಯನ್ನು ಹುಡುಕಿಕೊಂಡು. ನನ್ನ ಅಜ್ಜ ದೊಡವಾಡದಲ್ಲಿ ಒಕ್ಕಲುತನ ಮಾಡಿಕೊಂಡು, ರಾತ್ರಿಯಿಡೀ ಬಯಲಲ್ಲಿ ಆಡುವ ದೊಡ್ಡಾಟ ಕಲಿಸುತ್ತಿದ್ದ. ತಾನೇ ಬರೆದದ್ದು ಒಂದೇ ಆಟ, ಹೊನ್ನಗಿಳಿ ಪಟ್ಟಣದ್ದು. ಆ ಪಟ್ಟಣ ಯಾವ ನಕಾಶೆಯಲ್ಲೂ ಇಲ್ಲ. ಅದರ ಕೋಟೆಯನ್ನು ಮಾತಾಡುವ ಗಿಳಿಗಳು ಕಾಯುತ್ತವೆ. ಕೊನೆಯ ರಾಣಿ ಚಿತ್ರಲತೆಯ ಕಾಲಕ್ಕೆ ರಾಜ್ಯ ಬೀಳುತ್ತದೆ. ಈ ಯುಗಾದಿಗೆ ಊರಿನವರು ಅದನ್ನು ಮತ್ತೆ ಆಡುತ್ತೇವೆಂದು ಹಟ ಹಿಡಿದಿದ್ದರು. ಅಜ್ಜನ ವಹಿಯನ್ನು ಓದಲು ಬರುವಂತೆ ಬರೆದುಕೊಡುವ ಕೆಲಸ, ನಿವೃತ್ತ ಶಿಕ್ಷಕಿ ಎಂಬ ಕಾರಣಕ್ಕೆ ನನ್ನ ಪಾಲಿಗೆ ಬಂತು. ಕೊನೆಯ ಹಾಳೆಯನ್ನು ಗೆದ್ದಲು ತಿಂದಿತ್ತು. ರಾಣಿಯ ಕಡೆಯ ಮಾತು ಇದ್ದದ್ದು ಅದರಲ್ಲೇ. "ನೀವ ನಾಕ್ ಸಾಲ ಬರದ ಹಾಕಿಬಿಡ್ರಿ ಅಕ್ಕಾರ" ಎಂದರು. ಸತ್ತ ಅಜ್ಜನ ಬಾಯಿಗೆ ನನ್ನ ಮಾತು ತುರುಕಲು ನಾನು ತಯಾರಿರಲಿಲ್ಲ.

ಆ ಮಾತು ಬಾಯಿಪಾಠ ಇರುವವರು ಒಬ್ಬರೇ ಉಳಿದಿದ್ದರು. ಹರೆಯದಲ್ಲಿ ಚಿತ್ರಲತೆಯ ವೇಷ ಹಾಕುತ್ತಿದ್ದ ಗುರುಸಿದ್ದಪ್ಪ, ಈಗ ಎಂಬತ್ತು ದಾಟಿದವರು. ಊರು ಇವತ್ತಿಗೂ ಅವರನ್ನು ಕರೆಯುವುದು ರಾಣಿ ಎಂದೇ, ಅವರು ಓಗೊಡುವುದೂ ಅದಕ್ಕೇ.

ದೊಡವಾಡದಲ್ಲಿ ರಾಣಿ ಇರಲಿಲ್ಲ. "ಮೊಮ್ಮಗಳ ಲಗ್ನಪತ್ರ ಕೊಡಾಕ ಬೈಲಹೊಂಗಲಕ್ಕ ಹೋಗ್ಯಾರ್ರಿ" ಎಂದರು ಅವರ ಹೆಂಡತಿ. ಯಾವಾಗ ಬರುತ್ತಾರೆ ಎಂದೆ. "ಪತ್ರ ತೀರಿದ ಮ್ಯಾಲ." ಫೋನ್ ಇಲ್ಲವೇ ಎಂದೆ. ಗೂಟಕ್ಕೆ ತೂಗುಹಾಕಿದ್ದ ಚೀಲ ತೋರಿಸಿದರು. "ಐತಲ್ರಿ. ಕಳೀತೈತಂತ ಹೊರಗ ಒಯ್ಯೂದಿಲ್ಲ." ಯುಗಾದಿಗೆ ಒಂಬತ್ತು ದಿನ ಉಳಿದಿತ್ತು. ಚಹಾ ಕುಡಿಯದೆ ಬಿಡಲಿಲ್ಲ. ಅಷ್ಟರಲ್ಲಿ ಬೈಲಹೊಂಗಲದ ಬಸ್ಸು ಹೋಯಿತು.

ಬೈಲಹೊಂಗಲ ಮುಟ್ಟಿದಾಗ ಹನ್ನೊಂದೂವರೆ, ಬಿಸಿಲು ನೆತ್ತಿ ಸುಡುತ್ತಿತ್ತು. ಬಟ್ಟೆ ಅಂಗಡಿಯಲ್ಲಿದ್ದ ಅವರ ಅಳಿಯ, "ಮಾವಾರ ಈಗಷ್ಟ ಕಿತ್ತೂರಿಗೆ ಹ್ವಾದ್ರು" ಎಂದ. ಕಿತ್ತೂರಿನ ಬೀಗರಿಗೆ ಫೋನ್ ಮಾಡಿಸಿ, ಅವರು ಬಂದರೆ ಹಿಡಿದು ಕೂರಿಸಿರಿ ಎಂದು ಹೇಳಿಸಿದೆ. ಆದರೆ ಅಳಿಯನ ಮನೆಯವರು ನನ್ನನ್ನೇ ಹಿಡಿದು ಕೂರಿಸಿದರು. ಸುಸಲಾ, ಮಿರ್ಚಿ, ಮತ್ತೆ ಚಹಾ. ರುಚಿಯಾಗಿತ್ತು ಎಂಬುದು ಇನ್ನಷ್ಟು ಸಿಟ್ಟು ತರಿಸಿತು.

ಕಿತ್ತೂರಿನಲ್ಲಿ ಬಸ್ಸಿಳಿದು, ಇಂಥ ಹಿರಿಯರನ್ನು ನೋಡಿದಿರಾ, ರಾಣಿ ಅಂತಾರೆ ಎಂದು ಕೇಳಿದರೆ ಪ್ರತಿಯೊಬ್ಬರೂ ಕೋಟೆಯ ಕಡೆ ಕೈ ಮಾಡಿದರು. ಬೀಗರ ಮನೆ ಸಿಗುವಷ್ಟರಲ್ಲಿ ಮೂರು ಗಂಟೆ. ಗುರುಸಿದ್ದಪ್ಪ ಉಂಡು, ಎದ್ದು, ಹೋಗಿಯಾಗಿತ್ತು. ಫೋನ್ ಮಾಡಿಸಿದ್ದೆನಲ್ಲ ಎಂದರೆ ಬೀಗತಿ ಶಾಂತವಾಗಿ, "ಪತ್ರ ಕೊಡಾಕ ಬಂದವ್ರನ್ನ ತಡೀಬಾರದ್ರಿ ಅಕ್ಕಾರ. ಶುಭ ಕೆಲಸ" ಎಂದರು. ನನ್ನ ಕೆಲಸ ಶುಭದ್ದಲ್ಲ ಎಂದು ಹೇಗೆ ಗೊತ್ತಾಯಿತೋ. ರೊಟ್ಟಿ ಎಣ್ಣೆಗಾಯಿ ತಿನ್ನಿಸಿಯೇ ಬಿಟ್ಟರು. ನಾಳೆ ಸವದತ್ತಿ, ಅಲ್ಲಿಂದ ರಾಮದುರ್ಗ ಎಂಬ ಸುದ್ದಿಯೊಂದಿಗೆ ಸಂಜೆ ಧಾರವಾಡಕ್ಕೆ ಮರಳಿದೆ.

ಮರುದಿನ ಶುಕ್ರವಾರ ಎಂಬುದನ್ನು ಮರೆತದ್ದು ನನ್ನದೇ ತಪ್ಪು. ಸವದತ್ತಿಯ ಬಸ್ಸು ದೇವಿಯ ಗುಡ್ಡಕ್ಕೆ ಹೋಗುವ ಭಕ್ತರಿಂದ ತುಂಬಿತ್ತು. ಇಳಿಯುವಾಗ ನನ್ನ ಬಿಳಿ ಸೀರೆ ಭಂಡಾರದಿಂದ ಹಳದಿಯಾಗಿತ್ತು. ಅಲ್ಲಿಯ ನೆಂಟರು, "ಆಗಳೇ ಹ್ವಾದ್ರು" ಎಂದರು, ಉಪ್ಪಿಟ್ಟು ಕೊಟ್ಟರು. ರಾಮದುರ್ಗಕ್ಕೆ ಮತ್ತೆ ಒಂದು ತಾಸಿಗೂ ಮೇಲಿನ ಹಾದಿ. ಮಲಪ್ರಭೆ ಸೊರಗಿ ಹರಿಯುತ್ತಿತ್ತು. ಅಲ್ಲಿ ನೆಂಟರು ಬಾಯಿ ತೆರೆಯುವ ಮೊದಲೇ ಕೇಳಿದೆ, "ಎಲ್ಲಿಗೆ ಹ್ವಾದ್ರು?"

"ತೊರಗಲ್ಲಿಗ್ರಿ. ಅದ ಕಡೀ ಪತ್ರ. ಚಹಾ..."

"ಬ್ಯಾಡ್ರಿ" ಎಂದು ಹೊರಗೆ ಬಂದೆ. ಎರಡು ದಿನದಲ್ಲಿ ನಾನು ಮಾಡಿದ ಒಂದೇ ಬುದ್ಧಿವಂತಿಕೆ ಅದು. ಬಸ್ಸು ಸಿಕ್ಕಿತು.

ತೊರಗಲ್ಲಿನ ಕೋಟೆ ಬಾಗಿಲ ಬಳಿಯ ಕಟ್ಟೆಯ ಮೇಲೆ ಬಿಳಿ ಧೋತರ, ತಲೆಗೆ ರುಮಾಲು, ತೊಡೆಯ ಮೇಲೆ ಖಾಲಿ ಚೀಲ ಇಟ್ಟುಕೊಂಡು ಒಬ್ಬ ತೆಳ್ಳನೆಯ ಮುದುಕರು ಕೂತಿದ್ದರು. ಕೂತ ಗತ್ತಿನಿಂದಲೇ ಗುರುತು ಸಿಕ್ಕಿತು. ನಾನು ಯಾರ ಮೊಮ್ಮಗಳು, ಏನು ಬೇಕು ಎಂಬುದನ್ನು ಒಂದೇ ಉಸಿರಿಗೆ ಹೇಳಿ ಪಕ್ಕದಲ್ಲಿ ಕುಸಿದೆ.

ಅವರು ಖಾಲಿ ಚೀಲವನ್ನು ನೀಟಾಗಿ ಮಡಚಿದರು. ಆಮೇಲೆ, "ಆ ಮಾತ ನಾ ಒಮ್ಮಿನೂ ಆಡಿಲ್ಲ ತಂಗಿ" ಎಂದರು.

ನನ್ನ ಜೀವ ಹಾರಿತು. "ಹನ್ನೊಂದ್ ಸಲ ಆಟ ಆಗೇತಂತ್ರಿ?"

"ಆಗೇತಿ. ಪಟ್ಟಣ ಒಮ್ಮಿನೂ ಬಿದ್ದಿಲ್ಲ. ನನಗ ಆಯೇರಿ ಭಾಳ ಬರ್ತಿದ್ವು. ಬೀಗ್ರು, ಗೆಳ್ಯಾರು ಸೀರಿ, ಹಾರ ತಗೊಂಡ ರಂಗದ ಮ್ಯಾಲ ಬರಾವ್ರು. ಕೊಟ್ಟವರ ಹೆಸರ ಕೂಗಿ ಮುಗಿಸೂತನಕ ಆಟ ನಿಲ್ಲೂದು. ಕಡೀ ಪ್ರವೇಶ ಬರೂದ್ರಾಗ ಹೊತ್ತ ಹೊಂಡೂದು. ಹೊತ್ತ ಹೊಂಟ ಮ್ಯಾಲ ಮಂಗಳಾರತಿ ಹಾಡಬೇಕು, ಮುಗೀತು. ನಿಮ್ಮಜ್ಜ ಪ್ರತಿ ಸಲ ಹಣಿ ಹಣಿ ಬಡಕೊಳ್ಳಾಂವ."

ನನ್ನ ಸಿಟ್ಟು ಯಾರ ಕಡೆಯಿಂದ ಬಂದದ್ದೆಂದು ಆಗ ತಿಳಿಯಿತು. ಆ ಮಾತು ನೆನಪಿದೆಯೇ ಎಂದು ಕೇಳಲು ಹೆದರಿಕೆಯಾಯಿತು. ಕೇಳಿದೆ.

"ದಿನಾ ಹೊಲಕ್ಕ ಹೋಗೂ ದಾರ್‍ಯಾಗ ಮನಸಿನ್ಯಾಗ ಹೇಳ್ತೇನಿ" ಎಂದು ಎದ್ದು ನಿಂತರು. ರುಮಾಲಿನ ತುದಿಯನ್ನು ಸೆರಗಿನಂತೆ ಹೆಗಲ ಮೇಲೆಳೆದುಕೊಂಡರು. ದನಿ ಬದಲಾಯಿತು.

"ಗಿಳಿಗಳಿರಾ, ಪಂಜರ ತೆರೆದಿದ್ದೇನೆ. ಅರಸರ ಹೆಸರು ಕಲಿಸಿದೆ, ಬಿರುದು ಕಲಿಸಿದೆ. ಇನ್ನು ಅವೆಲ್ಲವನ್ನೂ ಮರೆಯಿರಿ..."

ಅಷ್ಟರಲ್ಲಿ ರಾಮದುರ್ಗದ ಬಸ್ಸು ಬಂತು. ಅವರು ತಟ್ಟನೆ ನಿಲ್ಲಿಸಿ, ಹಳೆಯ ರೂಢಿಯಂತೆ ಮಂಗಳ ಹಾಡುವವರ ಹಾಗೆ ಕೈ ಮುಗಿದರು. "ಬಸ್ ಬಂತು. ಹೋಗ ತಂಗಿ." ಕಂಡಕ್ಟರ್ ಸೀಟಿ ಊದಿದ. ಮುಂದಿನ ಬಸ್ಸಿಗೆ ಎರಡು ತಾಸು ಎಂದು ನನಗೆ ಗೊತ್ತಿತ್ತು.

"ಅದ ಹೋಗ್ಲಿ ಬಿಡ್ರಿ. ನೀವ ಹೇಳ್ರಿ" ಎಂದೆ.

ಬಸ್ಸಿನ ಧೂಳು ಅಡಗುವವರೆಗೆ ಕಾದು ಅವರು ಮುಗಿಸಿದರು: "ಎತ್ತ ಬೇಕಾದರೂ ಹಾರಿಹೋಗಿರಿ. ಹಸಿದವರ ಹೊಲದಲ್ಲಿ ಮಾತ್ರ ಇಳಿಯಬೇಡಿರಿ."

ಒಕ್ಕಲುತನ ಮಾಡಿದ ಅಜ್ಜನಲ್ಲದೆ ಇನ್ನಾರೂ ಒಬ್ಬ ರಾಣಿಯಿಂದ ಈ ಮಾತು ಆಡಿಸುತ್ತಿರಲಿಲ್ಲ. ನಾನು ಬರೆದುಕೊಂಡೆ. ಅಕ್ಷರ ಕಾಣಲಿಲ್ಲ, ಕಣ್ಣೊರೆಸಿಕೊಂಡು ಮತ್ತೆ ಬರೆದೆ.

"ಈ ಸಲ ಆಯೇರಿ ಮದಲ ಮುಗಸ್ರಿ ಅಂತ ಹೇಳ ಊರಾವರಿಗೆ" ಎಂದು ಗುರುಸಿದ್ದಪ್ಪ ರುಮಾಲು ಬಿಚ್ಚಿ ಮುಖ ಒರೆಸಿಕೊಂಡರು. ಎರಡು ತಾಸು ಅವರ ನೆಂಟರ ಮನೆಯಲ್ಲಿ ಕೂತು, ಬೇಡ ಅನ್ನದೆ ಚಹಾ ಕುಡಿದೆ.

ಅವರು ಅಲ್ಲೇ ಉಳಿಯುವವರಿದ್ದರು, ನನ್ನನ್ನು ಬಸ್ಸಿಗೆ ಹತ್ತಿಸಲು ಬಂದರು. ಬಸ್ಸು ಕದಲಿದಾಗ ನೆಂಟ ಮನೆಯ ಕಡೆಯಿಂದ ಕೂಗುತ್ತಿದ್ದ, "ರಾಣ್ಯಾರ, ಬರ್ರಿ, ಊಟಕ್ಕ ಹೊತ್ತಾತು." ಅವರು ತಿರುಗಲಿಲ್ಲ. ಆತ ಮತ್ತೆ ಕೂಗಿದ. ಅವರು ಕೋಟೆಯ ಕಡೆ ನೋಡುತ್ತ ನಿಂತೇ ಇದ್ದರು. ಮೂರನೆಯ ಸಲ ಆತ, "ಗುರುಸಿದ್ದಪ್ಪಣ್ಣಾ" ಎಂದ. ಆಗ ತಿರುಗಿದರು.